ಕಿಟಕಿ ಪಕ್ಕದ ಕುರ್ಚಿಯ ಫ್ರೆಂಚ್ ಪಾಠ

ಅಲ್ ಅಮೇರಾತ್‌ನ ನಮ್ಮ ಕಟ್ಟಡದಲ್ಲಿ ಈಗಲೂ ಕೆಲವರು ನನ್ನನ್ನು 'ಫ್ರೆಂಚ್ ವೀಣಾ' ಎಂದೇ ಕರೆಯುತ್ತಾರೆ. ನನಗೆ ಬರುವ ಫ್ರೆಂಚ್ ಇಷ್ಟೇ: ನಮಸ್ಕಾರ, ಧನ್ಯವಾದ, ತಳ್ಳಿ, ಗಟ್ಟಿಯಾಗಿ ಹಿಡಿದುಕೊಳ್ಳಿ, ಆ ರೆಫರಿ ಕುರುಡ. ಇವನ್ನು ನಾನು ಕಲಿತದ್ದು ಮಸ್ಕತ್ತಿನ ಒಂದು ಆಸ್ಪತ್ರೆಯ ಕೀಮೋ ಕೋಣೆಯಲ್ಲಿ. ಅಂಥ ಕೋಣೆಯ ಹೊರಗೆ ಕೂತು, ತಮ್ಮ ಹೆಸರು ಯಾವಾಗ ಕರೆಯುತ್ತಾರೋ ಎಂದು ಕಾಯುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನಾನು ಚೆನ್ನಾಗಿದ್ದೇನೆ. ಇನ್ನು ನಿಧಾನವಾಗಿ ಓದಿ.

ಗೌರಿ ಹಬ್ಬದ ಬೆಳಿಗ್ಗೆ ಅವ್ವ ಕೊಟ್ಟ ಗುಂಡಿನ ಸರ ಹಾಕಿಕೊಳ್ಳುತ್ತಿದ್ದೆ. ಕೊಂಡಿ ಹುಡುಕುತ್ತಿದ್ದ ಬೆರಳಿಗೆ ಕತ್ತಿನ ಬದಿಯಲ್ಲಿ ಒಂದು ಗಂಟು ತಾಕಿತು. ನೋವಿರಲಿಲ್ಲ. ನೋವಿಲ್ಲದ ಗಂಟಿಗೇ ಹೆಚ್ಚು ಹೆದರಬೇಕು ಎಂದು ನನಗೆ ಆಗ ಯಾರು ಹೇಳಬೇಕು? ಹಬ್ಬ ಮಾಡಿದೆ, ಹೋಳಿಗೆ ತಟ್ಟಿದೆ, ಇಡೀ ವಾರ ಅದನ್ನು ಮರೆತೆ. ಆಮೇಲೆ ಗಂಡ ಗುರುರಾಜ ಕತ್ತಿನ ಕಡೆ ನೋಡಿ, "ಇದೇನs ಇದು?" ಅಂದಾಗ ಆಸ್ಪತ್ರೆ ಮೆಟ್ಟಿಲು ಹತ್ತಿದೆವು.

ಅವು ಎಣ್ಣೆಯ ಬೆಲೆ ನೆಲ ಕಚ್ಚಿದ ವರ್ಷಗಳು. ನಾನು ಕೆಲಸ ಮಾಡುತ್ತಿದ್ದ ಕನ್ಸಲ್ಟೆನ್ಸಿಯಲ್ಲಿ ರಸ್ತೆ, ಸೇತುವೆಗಳ ನಕ್ಷೆಗಳು ಅರ್ಧಕ್ಕೇ ನಿಂತಿದ್ದವು. ಗುರುವಾರ ಬಂತೆಂದರೆ ಯಾರಿಗಾದರೂ ಬೀಳ್ಕೊಡುಗೆಯ ಕೇಕು. ನನ್ನ ಕೇಕನ್ನೂ ಕತ್ತರಿಸಿ ಆಗಿತ್ತು. ಗುರುರಾಜನದು ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರದಲ್ಲಿ ಕೆಲಸ. ಎಣ್ಣೆ ಇರಲಿ ಬಿಡಲಿ, ಜನ ನೀರು ಕುಡಿಯಲೇಬೇಕಲ್ಲ, ಹಾಗಾಗಿ ಅವನ ನೌಕರಿ ಉಳಿದಿತ್ತು. ಬಾಡಿಗೆ ಕಡಿಮೆ ಎಂದು ಗುಡ್ಡದಾಚೆಯ ಅಲ್ ಅಮೇರಾತ್‌ಗೆ ಮನೆ ಬದಲಾಯಿಸಿದ್ದೆವು. ಕೆಲಸ ಕಳೆದುಕೊಂಡವರೆಲ್ಲ ಏನಾದರೊಂದು ಕಲಿಯುತ್ತಿದ್ದರು. ಒಬ್ಬರು ಅರೇಬಿಕ್, ಒಬ್ಬರು ಹೊಸ ಸಾಫ್ಟ್‌ವೇರ್, ಮತ್ತೊಬ್ಬರು ಕೇಕ್ ಮಾಡುವುದು. ಬೀಳ್ಕೊಡುಗೆಗಳು ಅಷ್ಟಿದ್ದಾಗ ಕೇಕಿನವರಿಗೇ ಒಳ್ಳೆಯ ವ್ಯಾಪಾರ.

ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶದ ದಿನ ನನ್ನ ಪಕ್ಕದಲ್ಲಿ ನಿಜ್ವಾ ಊರಿನಿಂದ ಬಂದಿದ್ದ ಒಬ್ಬ ಅಜ್ಜಿ ಕೂತಿದ್ದರು. ಚೀಲದಿಂದ ಫ್ಲಾಸ್ಕ್ ತೆಗೆದು, ಪುಟ್ಟ ಬಟ್ಟಲಿಗೆ ಖಾವಾ, ಅಂದರೆ ಏಲಕ್ಕಿ ಹಾಕಿದ ಕಾಫಿ, ಬಗ್ಗಿಸಿ ಕೊಟ್ಟರು. ಸಾಕು ಅನ್ನಿಸಿದರೆ ಬಟ್ಟಲನ್ನು ಮೆಲ್ಲಗೆ ಅಲುಗಿಸಬೇಕು, ಇಲ್ಲದಿದ್ದರೆ ಬಗ್ಗಿಸುತ್ತಲೇ ಇರುತ್ತಾರೆ. ಇಷ್ಟು ವರ್ಷ ಈ ದೇಶದಲ್ಲಿದ್ದು ನನಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅಂದು ಕೈಗೆ ಅದು ನೆನಪಾಗಲಿಲ್ಲ. ಅವರು ಬಗ್ಗಿಸುತ್ತಲೇ ಹೋದರು, ನಾನು ಕುಡಿಯುತ್ತಲೇ ಹೋದೆ. ಕೊನೆಗೆ ಅಜ್ಜಿಯೇ ನನ್ನ ಕೈ ಹಿಡಿದು, ಬಟ್ಟಲನ್ನು ತಾವೇ ಅಲುಗಿಸಿ, "ಖಲಾಸ್, ಬಿಂತಿ" ಎಂದರು. ಸಾಕು ಮಗಳೇ, ಎಂದು. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಲಿಂಫೋಮಾ. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಒಮಾನಿ ಹೆಣ್ಣುಮಗಳು. "ಗುಣವಾಗುವ ಜಾತಿಯದು, ಇನ್‌ಶಾ ಅಲ್ಲಾ" ಎಂದರು. ಎಂಜಿನಿಯರ್ ಬುದ್ಧಿ ನೋಡಿ, ನನಗೆ 'ಗುಣವಾಗುವ' ಎಂಬುದಕ್ಕಿಂತ 'ಇನ್‌ಶಾ ಅಲ್ಲಾ' ಎಂಬುದೇ ದೊಡ್ಡದಾಗಿ ಕೇಳಿಸಿತು. ಮಗಳು ಅನಘಾ ಆಗ ಒಂಬತ್ತನೇ ಕ್ಲಾಸು. ಅವಳು ಕಾಲೇಜಿಗೆ ಹೋಗುವುದನ್ನು ನಾನು ನೋಡುತ್ತೇನೋ ಇಲ್ಲವೋ ಎಂಬುದೊಂದೇ ಪ್ರಶ್ನೆ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಗುರುರಾಜ ಮನೆಗೆ ಬಂದವನೇ ಇಸ್ತ್ರಿ ಪೆಟ್ಟಿಗೆ ಹಚ್ಚಿದ. ಅಂಗಿ ಆಯಿತು, ಚೂಡಿದಾರ ಆಯಿತು, ದಿಂಬಿನ ಕವರು, ಕರವಸ್ತ್ರ, ಕೊನೆಗೆ ಅಡುಗೆಮನೆಯ ಒರೆಸುವ ಬಟ್ಟೆಗೂ ಇಸ್ತ್ರಿ. "ಸಾಕ ಮಾಡ್ರಿ" ಅಂದೆ. "ಸುಕ್ಕ ಅವ" ಅಂದ. ಮುಖ ತಿರುಗಿಸಿಕೊಂಡಿದ್ದ. ಅವನು ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಗದಗಿನಲ್ಲಿರುವ ಅವ್ವನಿಗೆ ಹೇಳಬಾರದು ಎಂದು ಆಗಲೇ ನಿರ್ಧರಿಸಿದೆವು. ಅಪ್ಪನನ್ನು ಇದೇ ಬಗೆಯ ಕಾಯಿಲೆಗೆ ಕೊಟ್ಟವಳು ಅವ್ವ. ನಮ್ಮ ಕಡೆ ಅದರ ಹೆಸರು ಹೇಳುವುದಿಲ್ಲ, 'ದೊಡ್ಡ ಜಡ್ಡು' ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಒಳಗೆ ಬಂದು ಕೂರುತ್ತದೆ ಎಂಬ ಭಯ. ಸ್ಕ್ಯಾನ್ ಚೊಕ್ಕಟವಾಗಿ ಬಂದ ಮೇಲೆ, 'ಹೀಗಿತ್ತು, ಹೋಯಿತು' ಎಂದು ಒಂದೇ ಉಸಿರಿಗೆ ಹೇಳಿಬಿಡೋಣ ಎಂದುಕೊಂಡೆವು. ಅವ್ವನಿಗೆ ಹೇಳಬಾರದು ಎಂದರೆ ಮಸ್ಕತ್ತಿನಲ್ಲಿ ಯಾರಿಗೂ ಹೇಳುವಂತಿಲ್ಲ. ಇಲ್ಲಿ ಸೀನಿದರೆ ವಾಟ್ಸಾಪಿನಲ್ಲಿ ಗದಗಿನವರು 'ಚಿರಂಜೀವಿ' ಎನ್ನುವ ಕಾಲ.

ಆದರೆ ಕೆಳಗಿನ ಮನೆಯ ಸುಮತಿ ಅಕ್ಕನ ಕಣ್ಣು ತಪ್ಪಿಸುವುದು ಹೇಗೆ? ಉಡುಪಿ ಕಡೆಯವರು, ಕನ್ನಡಿಗರ ಕೂಟದ ಅಡುಗೆಯಿಂದ ಹಿಡಿದು ಮೈಕಿನವರೆಗೆ ಎಲ್ಲವೂ ಅವರದೇ ಉಸ್ತುವಾರಿ. ಎರಡು ವಾರಕ್ಕೊಮ್ಮೆ, ಭಾನುವಾರ, ಇಲ್ಲಿ ಶುಕ್ರ-ಶನಿ ರಜೆಯಾದ್ದರಿಂದ ಕೆಲಸದ ದಿನವೇ, ನಾವಿಬ್ಬರೂ ಕಾರು ಹತ್ತುವುದನ್ನು ಬಾಲ್ಕನಿಯಿಂದ ನೋಡಿದ್ದರು. ಲಿಫ್ಟಿನಲ್ಲಿ ಹಿಡಿದೇಬಿಟ್ಟರು.

"ಎಂತ ವೀಣಾ, ಭಾನುವಾರ ಭಾನುವಾರ ಗಂಡ ಹೆಂಡತಿ ಎಲ್ಲಿಗೆ ಹೋಗುದು?"

ನಾನು ಬಾಯಿ ತೆರೆಯುವ ಮೊದಲೇ ಗುರುರಾಜ, ಬದುಕಿನಲ್ಲಿ ಸರಿಯಾಗಿ ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ಹೇಳಿದ: "ಫ್ರೆಂಚ್ ಕ್ಲಾಸ್‌ರಿ. ಈಕಿ ಫ್ರೆಂಚ್ ಕಲ್ಯಾಕ ಹತ್ತ್ಯಾಳ."

"ಅಯ್ಯೋ, ಒಳ್ಳೇದಾಯ್ತಲ್ಲ ಮಾರಾಯ್ತಿ! ಆಫ್ರಿಕಾದಲ್ಲಿ ಕೆಲಸ ಉಂಟಂತೆ ಫ್ರೆಂಚ್ ಬಂದರೆ" ಎಂದರು ಸುಮತಿ ಅಕ್ಕ.

ಮನೆ ಬಾಗಿಲು ಹಾಕಿಕೊಂಡು ಅವನ ಮೇಲೆ ಹರಿಹಾಯ್ದೆ. ಇಷ್ಟು ಭಾಷೆ ಬಿಟ್ಟು ಫ್ರೆಂಚೇ ಯಾಕೆ? "ಆ ಲಿಫ್ಟಿನ್ಯಾಗ ಫ್ರೆಂಚ್ ಕಂಪನಿ ಹೆಸರಿತ್ತು, ಅದs ಬಾಯಿಗೆ ಬಂತು" ಎಂದ. ಅನಘಾ ನಕ್ಕು ನಕ್ಕು ಸುಸ್ತಾಗಿ, "ಅಪ್ಪಾ, ದಟ್ಸ್ ದಿ ವರ್ಸ್ಟ್ ಲೈ ಎವರ್" ಎಂದಳು. ರೋಗ ಗೊತ್ತಾದ ಮೇಲೆ ಮನೆಯಲ್ಲಿ ಮೊದಲ ಬಾರಿ ನಗು ಕೇಳಿದ್ದು ಆಗಲೇ. ಹಾಗಾಗಿ ಸುಳ್ಳನ್ನು ಹಾಗೇ ಇಟ್ಟುಕೊಂಡೆವು.

ದೇವರಿಗೆ ತಮಾಷೆ ಇಷ್ಟ. ಮುಂದಿನ ಕೀಮೋ ಸರದಿಗೆ ಹೋದರೆ, ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಫ್ರೆಂಚ್ ಹೆಂಗಸು.

ಹೆಸರು ಓಡಿಲ್. ಅರವತ್ತು ದಾಟಿದವರು, ಕೂದಲು ಪೂರ್ತಿ ಹೋಗಿತ್ತು, ಬೋಳುತಲೆಗೆ ಏನೂ ಹೊದೆಯದೆ ರಾಜಮಾತೆಯ ಹಾಗೆ ಕೂತಿದ್ದರು. ಗಂಡ ಗ್ಯಾಸ್ ಯೋಜನೆಯೊಂದರ ಎಂಜಿನಿಯರ್, ಮನೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಇದ್ದಕ್ಕಿದ್ದಂತೆ ಏನೋ ಬೈದರು. ನರ್ಸು ಗಾಬರಿಯಾಗಿ ಓಡಿಬಂದಳು. ನೋವಲ್ಲ, ಹಿಂದಿನ ದಿನದ ರಗ್ಬಿ ಪಂದ್ಯ! ನಾನು ನಕ್ಕೆ. ನಮ್ಮ ಗೆಳೆತನ ಅಲ್ಲಿಂದ ಶುರು.

ಇಬ್ಬರಿಗೂ ಮುರುಕು ಇಂಗ್ಲಿಷೇ ಆಸರೆ. ನನ್ನ ಕಳ್ಳ ಕ್ಲಾಸಿನ ಕಥೆ ಹೇಳಿದಾಗ ಓಡಿಲ್ ತೊಡೆ ತಟ್ಟಿ ನಕ್ಕರು. "ಹಾಗಾದರೆ ಸುಳ್ಳನ್ನು ನಿಜ ಮಾಡಬೇಕು. ನಾನು ಕಲಿಸುತ್ತೇನೆ. ಆದರೆ ನನಗೆ ವ್ಯಾಕರಣ ಕಲಿಸಲು ಬರುವುದಿಲ್ಲ, ನಮ್ಮೂರ ರಗ್ಬಿ ಕ್ಲಬ್ಬಿನ ಚರಿತ್ರೆ ಮಾತ್ರ ಬರುತ್ತದೆ" ಎಂದರು.

ಹೀಗೆ ಎರಡು ವಾರಕ್ಕೊಮ್ಮೆ, ಕೈಗೆ ಸೂಜಿ, ನಾಲಿಗೆಯ ಮೇಲೆ ಕಬ್ಬಿಣದ ರುಚಿ, ಕಿವಿಗೆ ಕ್ಲಬ್ಬಿನ ಚರಿತ್ರೆ. ಫ್ರಾನ್ಸಿನ ತೆಂಕಣ ಮೂಲೆಯ ಒಂದು ಸಣ್ಣ ಊರು. ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆಯ ಮೇಸ್ತ್ರಿಯೊಬ್ಬ ಬಂದರಿನಲ್ಲಿ ಇಂಗ್ಲಿಷರು ಆಡುವುದನ್ನು ನೋಡಿ, ಮೊಟ್ಟೆಯಾಕಾರದ ಚೆಂಡೊಂದನ್ನು ತಾನೇ ಚರ್ಮದಲ್ಲಿ ಹೊಲಿದು ಊರಿಗೆ ತಂದನಂತೆ. ಮೊದಲ ಮೈದಾನ ದನ ಮೇಯುವ ಹುಲ್ಲುಗಾವಲು. ದನಗಳನ್ನು ಅಟ್ಟಿದ ಮೇಲೆಯೇ ಆಟ. ಆ ಆಟದಲ್ಲಿ ಸಗಣಿಯಲ್ಲಿ ಜಾರಿ ಬಿದ್ದವನೊಬ್ಬನ ಮೊಮ್ಮಗಳು ಓಡಿಲ್.

ಇನ್ನೊಂದು ಸರದಿಗೆ ಯುದ್ಧದ ಕಥೆ. ಮೊದಲ ಮಹಾಯುದ್ಧಕ್ಕೆ ಹೋದ ಆಟಗಾರರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ. ಅವರ ಹೆಸರು ಮೈದಾನದ ಬಾಗಿಲಿನ ಕಲ್ಲಿನ ಮೇಲಿದೆ. ಯುದ್ಧ ಮುಗಿದ ಮೇಲೆ ಅವರ ತಮ್ಮಂದಿರು ಅದೇ ಅಂಗಿಗಳನ್ನು ಹೊಲಿದು ಸರಿಮಾಡಿಕೊಂಡು ಆಡಿದರಂತೆ. ಆಮೇಲೊಮ್ಮೆ, ಒಂದೇ ಒಂದು ಸಲ, ಇಡೀ ದೇಶಕ್ಕೆ ಚಾಂಪಿಯನ್ ಆದರು. ಗೆದ್ದವರಿಗೆ ಅಲ್ಲಿ ಕೊಡುವುದು ಕಪ್ಪಲ್ಲ, ಮರದ ದೊಡ್ಡ ಫಲಕ. ಅದನ್ನು ಊರಿಗೆ ತಂದು ಅದರ ಮೇಲೆಯೇ ಬ್ರೆಡ್ಡು ಕತ್ತರಿಸಿ ಎಲ್ಲರಿಗೂ ಹಂಚಿದರು. ಓಡಿಲ್ ಆಗ ಅಪ್ಪನ ಹೆಗಲ ಮೇಲಿದ್ದ ಮಗು, ಬಾಯಲ್ಲಿ ಅದೇ ಬ್ರೆಡ್ಡಿನ ಚೂರು.

ಅಪ್ಪ ಆಡುತ್ತಿದ್ದದ್ದು ಮುಂದಿನ ಸಾಲಿನ ನಡುವೆ. ಟಿಶ್ಯೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ತಳ್ಳಬೇಕು. ಮುಂದಿನ ಸಾಲಿನ ನಡುವಿನವನ ಎರಡೂ ತೋಳು ಅಕ್ಕಪಕ್ಕದವರ ಹೆಗಲ ಮೇಲೆ. ಬಿದ್ದರೆ ನೆಲಕ್ಕೆ ಕೈಯೂರಲು ಅವನಿಗೆ ಕೈಯೇ ಇಲ್ಲ.

"ಹಾಗಾದರೆ ಅವನು ಬೀಳದೆ ಇರುವುದು ಹೇಗೆ?"

"ಪಕ್ಕದವರು ಹಿಡಿದುಕೊಂಡಿರುತ್ತಾರೆ. ಅವನ ಕೆಲಸ ಬಲ ತೋರಿಸುವುದಲ್ಲ ವೀಣಾ, ತನ್ನನ್ನು ಹಿಡಿದುಕೊಳ್ಳಲು ಬಿಡುವುದು."

ನಾನು ಹುಬ್ಬಳ್ಳಿ ಕಾಲೇಜಿನಲ್ಲಿ ಕಬಡ್ಡಿ ತಂಡದ ಎಡಮೂಲೆಯವಳು. ಕೈಗೆ ಕೈ ಹೆಣೆದು ಸರಪಳಿ ಹಾಕಿ ಎದುರಾಳಿಯನ್ನು ಹಿಡಿಯುವುದನ್ನು ಅವರಿಗೆ ವಿವರಿಸಿದೆ. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎಂದು ಹೇಳಿ ತೋರಿಸಲು ಹೋಗಿ ಕೆಮ್ಮು ಬಂತು. ಔಷಧಿ ಹನಿಸುವ ಯಂತ್ರ ಕುಂಯ್ ಎಂದು ಕೂಗಿತು. ನರ್ಸು ಇಬ್ಬರಿಗೂ ಬೈದಳು.

ಒಮ್ಮೆ ಅವರು 'ಮೂರನೇ ಅರ್ಧ'ದ ಸುದ್ದಿ ಎತ್ತಿದರು. ಪಂದ್ಯದ ಮೊದಲರ್ಧ, ಎರಡನೇ ಅರ್ಧ ಮುಗಿದ ಮೇಲೆ ಎರಡೂ ತಂಡದವರು ಒಟ್ಟಿಗೆ ಕೂತು ಉಣ್ಣುವುದಕ್ಕೆ ಅಲ್ಲಿ ಹಾಗೆನ್ನುತ್ತಾರಂತೆ. "ಅರ್ಧ ಎರಡೇ ಇರಲು ಸಾಧ್ಯ" ಎಂದು ನಾನು ತಕರಾರು ತೆಗೆದೆ. "ಗಣಿತದಲ್ಲಿ ಎರಡು, ನಮ್ಮೂರಲ್ಲಿ ಮೂರು" ಎಂದರು. ಮುಂದಿನ ಸರದಿಗೆ ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋದೆ. ನನಗೆ ಎರಡು ತುತ್ತು ಇಳಿದರೆ ಹೆಚ್ಚು. ಓಡಿಲ್ ಮಾತ್ರ ರೊಟ್ಟಿ ಮುರಿಯುವ ಸದ್ದಿಗೇ ಖುಷಿಪಟ್ಟರು.

ಚರಿತ್ರೆಯ ಕೆಟ್ಟ ಕಾಲವೂ ಬಂತು. ಆಟ ವೃತ್ತಿಯಾಯಿತು, ಆಟಗಾರರಿಗೆ ಸಂಬಳ ಬಂತು, ದೊಡ್ಡ ಊರುಗಳು ಒಳ್ಳೆಯವರನ್ನೆಲ್ಲ ಎಳೆದುಕೊಂಡವು. ಚರ್ಮದ ಕಾರ್ಖಾನೆ ಮುಚ್ಚಿತು. ಕ್ಲಬ್ಬು ಸೋತು ಕೆಳಗಿಳಿಯಿತು, ದುಡ್ಡಿಲ್ಲದೆ ಇನ್ನೂ ಕೆಳಕ್ಕೆ ದೂಡಿಸಿಕೊಂಡಿತು. ಇನ್ನು ಮುಗಿಯಿತು ಎಂದಾಗ ಊರಿನವರೇ ಮೈದಾನಕ್ಕೆ ಬಣ್ಣ ಬಳಿದು, ಅಂಗಿ ಒಗೆದು, ಆಟಗಾರರನ್ನು ಮನೆಮನೆಗಳಲ್ಲಿ ಇರಿಸಿಕೊಂಡು ವರ್ಷಗಳ ಮೇಲೆ ಎರಡನೇ ಡಿವಿಷನ್ನಿಗೆ ಎತ್ತಿ ತಂದರು. ಈಗ ತಂಡದಲ್ಲಿ ಫಿಜಿಯವರು, ಜಾರ್ಜಿಯಾದವರು, ದಕ್ಷಿಣ ಆಫ್ರಿಕಾದವರು. "ಅವರಿಗೂ ಕಫೀಲ್ ಇರುತ್ತಾನೋ?" ಎಂದೆ. ಕಫೀಲ್ ಎಂದರೆ ಇಲ್ಲಿ ನಮ್ಮ ವೀಸಾದ ಒಡೆಯ. ಓಡಿಲ್ ನಗುತ್ತಾ, "ಇಡೀ ಊರೇ ಕಫೀಲ್" ಎಂದರು.

ನಗುನಗುತ್ತಲೇ ಇನ್ನೊಂದು ಮಾತನ್ನೂ ಹೇಳಿದರು. ಅವರ ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲವಂತೆ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವಂಥದ್ದು. "ನಾನೂ ಎರಡನೇ ಡಿವಿಷನ್ನಿನಲ್ಲೇ ಇರುವವಳು. ಅಲ್ಲೂ ಆಟ ಇರುತ್ತದೆ, ಬಹಳ ಚೆನ್ನಾಗಿಯೇ ಇರುತ್ತದೆ." ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರ ಕೈಗೂ ಸೂಜಿಯ ಪ್ಲಾಸ್ಟರು.

ನನ್ನ ಸರದಿಗಳು ಇನ್ನೂ ಉಳಿದಿರುವಾಗಲೇ ಗ್ಯಾಸ್ ಯೋಜನೆ ನಿಂತು ಅವರ ಗಂಡನ ಕರಾರು ಮುಗಿಯಿತು. ಚಿಕಿತ್ಸೆ ಇನ್ನು ಊರಿನಲ್ಲೇ. ಕೊನೆಯ ದಿನ ತಮ್ಮ ಕ್ಲಬ್ಬಿನ ಉಣ್ಣೆಯ ಸ್ಕಾರ್ಫನ್ನು ನನ್ನ ತಲೆಗೆ ಸುತ್ತಿದರು. ನನ್ನ ಕೂದಲು ಪೂರ್ತಿ ಹೋಗಿರಲಿಲ್ಲ, ಇಲಿ ಕಚ್ಚಿದ ಹಾಗೆ ಅಲ್ಲಲ್ಲಿ ಉಳಿದಿತ್ತು. ಮಸ್ಕತ್ತಿನ ಬಿಸಿಲಿಗೆ ಉಣ್ಣೆ! ಆದರೂ ಅದನ್ನೇ ಸುತ್ತಿಕೊಂಡು ಓಡಾಡಿದೆ. ಸುಮತಿ ಅಕ್ಕ ಅದನ್ನು ಮುಟ್ಟಿ ನೋಡಿ, "ಪ್ಯಾರಿಸ್ ಫ್ಯಾಷನ್ನಾ? ಚಂದ ಉಂಟು" ಎಂದರು. ಓಡಿಲ್ ಇಲ್ಲದ ಕೋಣೆಯಲ್ಲಿ ಉಳಿದ ಸರದಿಗಳು ಬಹಳ ಉದ್ದವಾದವು. ಕಿಟಕಿ ಪಕ್ಕದ ಕುರ್ಚಿ ನನಗೆ ಬಂತು. ಪಕ್ಕದಲ್ಲಿ ಮಾತಾಡುವವರು ಇರಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಸ್ಕ್ಯಾನ್ ಚೊಕ್ಕಟವಾಗಿ ಬಂತು. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ, ಏನೂ ಇಲ್ಲ" ಎಂದು ತಾವೇ ಮೊದಲು ಕಣ್ಣೊರೆಸಿಕೊಂಡರು. ಗುರುರಾಜ ಕಾರಿನ ಬೀಗದಕೈಯನ್ನು ಅಲ್ಲೇ ಮೇಜಿನ ಮೇಲೆ ಮರೆತು ಬಂದ. ಕಾರಿನ ಹತ್ತಿರ ನಿಂತು ಇಬ್ಬರೂ ಹುಚ್ಚರ ಹಾಗೆ ಜೇಬು ತಡಕಾಡಿಕೊಂಡು ನಕ್ಕೆವು.

ಅಂದು ಸಂಜೆ ಅವ್ವನಿಗೆ ಫೋನು ಹಚ್ಚಿದೆ. ಒಂದೇ ಉಸಿರಿಗೆ ಹೇಳಬೇಕೆಂದುಕೊಂಡದ್ದು 'ಅವ್ವಾ' ಎನ್ನುವಷ್ಟರಲ್ಲೇ ನಿಂತಿತು.

"ವರದಿ ಬಂತೇನವಾ?" ಎಂದಳು ಅವ್ವ.

"ಯಾವ ವರದಿ ಅವ್ವಾ?" ಎಂದೆ.

"ವಿಡಿಯೋದಾಗ ನಿನ್ನ ಹುಬ್ಬ ಉದುರಿದ್ದು ನನಗ ಕಾಣೂದಿಲ್ಲೇನ? ನಿಮ್ಮಪ್ಪನ್ವೂ ಹಿಂಗs ಹೋಗಿದ್ದವು. ನೀನಾಗೇ ಹೇಳ್ತಿ ಅಂತ ದಾರಿ ಕಾಯ್ಕೋತ ಕುಂತಿದ್ದೆ."

ಆರಾಮಾಗಿದೆ ಎಂದೆ. ಆಚೆ ಕಡೆ ಮೂಗು ಏರಿಸಿಕೊಂಡ ಸದ್ದು. "ನೀ ಅಲ್ಲಿ ಅತ್ತಿ, ನಾ ಇಲ್ಲಿ ಅತ್ತೆ. ಕೂಡಿ ಅತ್ತಿದ್ರ ಇಬ್ಬರಿಗೂ ಒಂದೀಟು ಹಗುರ ಆಗ್ತಿತ್ತಲ್ಲs ಹುಚ್ಚಿ." ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು: "ಹೌದು, ಫ್ರೆಂಚ್ ಎಷ್ಟ ಬಂತು?"

ಕೂಡಿ ಅಳಬಹುದಿತ್ತೆಂಬ ಅವ್ವನ ಮಾತು ನನಗೆ ಚುಚ್ಚಿತು. ಪಕ್ಕದವರ ಹೆಗಲ ಮೇಲೆ ತೋಳು ಹಾಕುವ ಆಟವನ್ನು ತಿಂಗಳುಗಟ್ಟಲೆ ಕಲಿತು, ನನ್ನ ಅವ್ವನ ಹೆಗಲನ್ನೇ ಬಿಟ್ಟಿದ್ದೆನಲ್ಲ ಎನ್ನಿಸಿತು.

ನಮ್ಮ ಕೂಟದ ಯುಗಾದಿ, ಸಭಾಂಗಣ ಸಿಕ್ಕ ಮೇಲೆ, ಅಂದರೆ ಯುಗಾದಿ ಕಳೆದು ತಿಂಗಳಾದ ಮೇಲೆ ನಡೆಯುವುದು ವಾಡಿಕೆ. ಅಲ್ಲಿ ನಾನು ಫ್ರೆಂಚ್ ಭಾಷೆಯ ಬಗ್ಗೆ ಹತ್ತು ಮಾತಾಡಬೇಕೆಂದು ಸುಮತಿ ಅಕ್ಕ ನನ್ನನ್ನು ಕೇಳದೆಯೇ ಕಾರ್ಯಕ್ರಮಪಟ್ಟಿಯಲ್ಲಿ ಹಾಕಿಬಿಟ್ಟಿದ್ದರು. ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳಲಿಲ್ಲ. ಮೈಕಿನ ಮುಂದೆ ನಿಂತು ಚರ್ಮದ ಮೇಸ್ತ್ರಿಯ ಚೆಂಡಿನಿಂದ ಶುರುಮಾಡಿದೆ. ಸಗಣಿಯಲ್ಲಿ ಜಾರಿದ್ದಕ್ಕೆ ನಕ್ಕರು, ಕಲ್ಲಿನ ಮೇಲಿನ ಹೆಸರುಗಳಿಗೆ ಸುಮ್ಮನಾದರು, ಫಲಕದ ಮೇಲೆ ಬ್ರೆಡ್ಡು ಕತ್ತರಿಸಿದ್ದಕ್ಕೆ ಚಪ್ಪಾಳೆ ಹೊಡೆದರು. ಕೊನೆಗೆ ಹೇಳಿದೆ: "ಈ ಕ್ಲಾಸು ನಡೆದದ್ದು ಆಸ್ಪತ್ರೆಯಲ್ಲಿ. ನನಗೆ ಕ್ಯಾನ್ಸರ್ ಇತ್ತು." ಹೆಸರು ಹಿಡಿದೇ ಕರೆದೆ. ಅದು ಬಂದು ಎಲ್ಲೂ ಕೂರಲಿಲ್ಲ. ತಲೆಯ ಸ್ಕಾರ್ಫ್ ಬಿಚ್ಚಿದೆ, ಹೊಸ ಕೂದಲು ಕೋಳಿಮರಿಯ ಪುಕ್ಕದಂತೆ ಎದ್ದು ನಿಂತಿತ್ತು.

ಒಬ್ಬರು ಅತ್ತರು. ಒಬ್ಬರು ಆಗಲೇ ಗೋಧಿ ಹುಲ್ಲಿನ ರಸದ ಗುಣ ಹೇಳತೊಡಗಿದರು. ಮತ್ತೊಬ್ಬರು, "ಹಂಗಾರ ಆಫ್ರಿಕಾದ ಕೆಲಸದ ಕಥಿ?" ಎಂದು ಪಾಪ ನಿಜವಾಗಿಯೇ ಕೇಳಿದರು. ಊಟಕ್ಕೆ ಕೂತೆವು. ತಿಂಗಳುಗಳ ಮೇಲೆ ಎಣ್ಣೆಗಾಯಿಗೆ ಎಣ್ಣೆಗಾಯಿಯದೇ ರುಚಿ ಇತ್ತು. ನಾನು ಎರಡು ಸಲ ಬಡಿಸಿಕೊಂಡೆ.

ಎಲ್ಲರೂ ಎದ್ದ ಮೇಲೆ ಪಾತ್ರೆ ಜೋಡಿಸುತ್ತಿದ್ದಾಗ ಸುಮತಿ ಅಕ್ಕ ಪಕ್ಕಕ್ಕೆ ಬಂದರು. ಸಭೆಯಲ್ಲಿ ಅವರ ಧ್ವನಿಯೇ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಸೌಟನ್ನು ಒರೆಸುತ್ತಲೇ, ನನ್ನ ಮುಖ ನೋಡದೆ ಕೇಳಿದರು.

"ವೀಣಾ, ಆ ಕೋಣೆಯಲ್ಲಿ... ಯಾವ ಕುರ್ಚಿ ಒಳ್ಳೇದು?"

ನಾನು ಅವರ ಕಡೆ ತಿರುಗಿದೆ.

"ಮುಂದಿನ ವಾರ ಶುರು ಅಂತೆ ನಂದು. ಎದೆಯಲ್ಲಿ. ಇವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ ನಾನು. ಕೇಳುದು ಮಾತ್ರ ಗೊತ್ತು ನೋಡು ನನಗೆ, ಹೇಳ್ಲಿಕ್ಕೆ ಗೊತ್ತಿಲ್ಲ."

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಅವರ ಹೆಗಲ ಮೇಲೆ ತೋಳು ಹಾಕಿದೆ. ಅವರು ಬಿಟ್ಟರು, ನನ್ನ ಮೇಲೆ ಭಾರ ಪೂರ್ತಿ ಬಿಟ್ಟರು.

ಓಡಿಲ್‌ಗೆ ಈಗಲೂ ಸಂದೇಶ ಕಳಿಸುತ್ತಿರುತ್ತೇನೆ. ಆ ವರ್ಷದ ರಗ್ಬಿ ಋತು ಮುಗಿದಾಗ ಅವರು ಬರೆದಿದ್ದರು: "ಕ್ಲಬ್ಬು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬೀಳಲಿಲ್ಲ. ನಾನೂ ಹಾಗೇ." ರಗ್ಬಿಯಲ್ಲಿ ಕೈಯಲ್ಲಿರುವ ಚೆಂಡನ್ನು ಮುಂದಿರುವವರಿಗೆ ಎಸೆಯುವಂತಿಲ್ಲ, ಹಿಂದೆ ಬರುತ್ತಿರುವವರಿಗೇ ಕೊಡಬೇಕು ಎಂದು ಅವರು ಹೇಳಿದ್ದು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ.

ಯುಗಾದಿ ಊಟದ ಮುಂದಿನ ಭಾನುವಾರ ಗುಡ್ಡದ ರಸ್ತೆ ಹತ್ತಿಳಿದು ಅದೇ ಆಸ್ಪತ್ರೆಗೆ ಹೋದೆವು. ಸುಮತಿ ಅಕ್ಕನಿಗೆ ಕಿಟಕಿ ಪಕ್ಕದ ಕುರ್ಚಿ ಕೊಡಿಸಿದೆ. ಗುರುರಾಜ ಅವರ ಗಂಡನನ್ನು ಚಹಾ ಕುಡಿಸಲು ಕೆಳಗೆ ಕರೆದುಕೊಂಡು ಹೋದ. ನರ್ಸು ಸೂಜಿ ಚುಚ್ಚಿದಾಗ ಸುಮತಿ ಅಕ್ಕ ಕಣ್ಣು ಮುಚ್ಚಿ ನನ್ನ ಬೆರಳುಗಳನ್ನು ಹಿಂಡಿದರು. ಹನಿ ಇಳಿಯತೊಡಗಿದ ಮೇಲೆ ಒಂದು ಕಣ್ಣು ತೆರೆದರು.

"ಹೇಳು ಮಾರಾಯ್ತಿ, ಆ ನಿನ್ನ ಫ್ರೆಂಚ್ ಕ್ಲಾಸು. ಮೊದಲಿಂದ ಹೇಳು. ಅವತ್ತು ನಂಗೆ ಒಂದೂ ತಲೆಗೆ ಹೋಗ್ಲಿಲ್ಲ."

ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ.

"ಒಂದೂರಾಗ" ಎಂದೆ, "ಚರ್ಮ ಹದ ಮಾಡೋ ಒಬ್ಬ ಮೇಸ್ತ್ರಿ ಇದ್ದ."